ಮೂರು ವರ್ಷ ಬಳಸಿದ ಮೇಲೆ: ಬೈಪೋಲಾರ್ ಇರುವವರ ಮನಃಸ್ಥಿತಿ ದಾಖಲಿಸುವ ಆ್ಯಪ್

ಮನಸ್ಸು ಕೆಲಕಾಲ ಖಿನ್ನತೆಗೆ ಕುಸಿದು, ಕೆಲಕಾಲ ಅತಿಯಾದ ಉತ್ಸಾಹದ ಉನ್ಮಾದಕ್ಕೆ ಏರುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಸೇವಿಸುತ್ತಿರುವ ನಾನು ಈ ಆ್ಯಪನ್ನು ಮೂರು ವರ್ಷಗಳಿಂದ ಬಳಸುತ್ತಿದ್ದೇನೆ. ಮೊದಲು ಬಳಸಿದ್ದ ಇನ್ನೊಂದರಲ್ಲಿ ಅಳುಮುಖದಿಂದ ನಗುಮುಖದವರೆಗೆ ಐದು ಚಿತ್ರಗಳಿದ್ದು, ನಗು ಅಗಲವಾದಷ್ಟೂ ಬಣ್ಣ ಹಸಿರಾಗುತ್ತಿತ್ತು. ಬೇರೆಯವರಿಗೆ ಅದು ಸರಿಯಿರಬಹುದು. ನನ್ನಂಥವರಿಗೆ ಆ ಅಗಲ ನಗೆಯೇ ಅಪಾಯದ ಗುರುತು. ಈಗಿನದರಲ್ಲಿ ಸೊನ್ನೆ ನಡುವೆ ಇದ್ದು, ಖಿನ್ನತೆ ಕೆಳಗೆ ಮೈನಸ್ 3ರವರೆಗೆ, ಉನ್ಮಾದ ಮೇಲೆ 3ರವರೆಗೆ ಹೋಗುತ್ತದೆ. ಎರಡೂ ತುದಿಗಳಿಗೆ ಒಂದೇ ಕೆಂಪು. ವಿನ್ಯಾಸ ಮಾಡಿದವರಿಗೆ ಕಾಯಿಲೆ ಅರ್ಥವಾಗಿದೆ ಎಂದು ನನಗನ್ನಿಸಿದ್ದು ಇಲ್ಲಿಯೇ.

ಆದರೆ ಅಂಕ ಹಾಕುವ ಕೈ ರೋಗಿಯದೇ ಅಲ್ಲವೇ? ಕಳೆದ ವರ್ಷ ರಾತ್ರಿ ಎರಡೂವರೆಗೆ ಅಡುಗೆಮನೆಯ ಸ್ಟೀಲ್ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಬೇಳೆಕಾಳುಗಳನ್ನು ಪೇಪರಿನ ಮೇಲೆ ಸುರಿದು, ಒಂದೊಂದೇ ಡಬ್ಬಿಯನ್ನು ತೊಳೆದು ಒರೆಸುತ್ತ ಕುಳಿತಿದ್ದ ವಾರದಲ್ಲಿಯೂ ನಾನು ಪ್ರತಿದಿನ ಪ್ರಾಮಾಣಿಕವಾಗಿಯೇ ಸೊನ್ನೆ ನಮೂದಿಸಿದ್ದೆ. ಫೋನ್ ತೆಗೆದು ನೋಡಿದ ಹೆಂಡತಿ, "ಸೊನ್ನೆ ಅಂತ ಹಾಕಿದ್ದೀರಿ, ಸರಿ. ನಾಲ್ಕು ರಾತ್ರಿಯಿಂದ ಮೂರೇ ಗಂಟೆ ನಿದ್ದೆ ಅಂತಲೂ ನೀವೇ ಹಾಕಿದ್ದೀರಲ್ಲ, ಇದೇನ್ರೀ?" ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನವೇ ವೈದ್ಯರನ್ನು ಕಂಡೆವು. ನಿದ್ದೆ ಕಡಿಮೆಯಾದರೂ ದಣಿವು ಕಾಣದಿರುವುದು ಉನ್ಮಾದದ ಮುಖ್ಯ ಲಕ್ಷಣಗಳಲ್ಲೊಂದು; ನಿದ್ದೆಯ ದಾಖಲೆಯನ್ನು ಎರಡನೆಯ ಪರದೆಯಲ್ಲಿ ಅಡಗಿಸಿಟ್ಟಿರುವುದು, ಸತತ ನಿದ್ದೆಗೆಟ್ಟಾಗಲೂ ಎಚ್ಚರಿಕೆ ಕೊಡದಿರುವುದು ಈ ಆ್ಯಪ್‌ನ ದೊಡ್ಡ ಕೊರತೆ.

ತಿಂಗಳ ವರದಿ ಮಾತ್ರ ಅಚ್ಚುಕಟ್ಟಾಗಿದೆ. ಮನಸ್ಸು, ನಿದ್ದೆ, ಮಾತ್ರೆ ಮೂರೂ ಒಂದೇ ಹಾಳೆಯಲ್ಲಿ ಬರುವುದರಿಂದ, ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ಸಿಗುವ ಐದು ನಿಮಿಷಕ್ಕೆ ಅಷ್ಟು ಸಾಕು. ಲಿಥಿಯಂ ರಕ್ತದಲ್ಲಿ ತುಸು ಹೆಚ್ಚಾದರೂ ವಿಷವಾಗುವ ಔಷಧಿಯಾದ್ದರಿಂದ, ರಕ್ತಪರೀಕ್ಷೆಯ ಫಲಿತಾಂಶ ಬರೆದಿಡಲು ಖಾನೆ ಇರುವುದೂ ಉಪಯುಕ್ತ.

ಖಿನ್ನತೆಯ ದಿನಗಳಲ್ಲಿ ಇದೇ ಆ್ಯಪ್ ಹೊರೆಯಾಗುತ್ತದೆ. ಹಾಸಿಗೆಯಿಂದ ಏಳಲಾಗದವನಿಗೆ "ನಿಮ್ಮ 41 ದಿನಗಳ ಸರಣಿ ಮುರಿದಿದೆ" ಎಂಬ ಸಂದೇಶ ಕಳಿಸುವ ಬುದ್ಧಿ ಯಾರದೋ ತಿಳಿಯದು. ದಿನವೂ ಮೈನಸ್ 2 ಎಂದು ಬರೆಯುವುದರಿಂದಲೇ ಮನಸ್ಸು ಇನ್ನಷ್ಟು ಕುಗ್ಗುತ್ತಿದೆಯೇ ಎಂಬ ಅನುಮಾನವೂ ನನ್ನನ್ನು ಕಾಡಿತ್ತು. ಅದು ಬರೀ ನನ್ನ ಭ್ರಮೆಯಲ್ಲ: ಡೆನ್ಮಾರ್ಕಿನಲ್ಲಿ ಮೊನಾರ್ಕಾ ಎಂಬ ವ್ಯವಸ್ಥೆಯನ್ನು 78 ರೋಗಿಗಳ ಮೇಲೆ ಆರು ತಿಂಗಳು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೋನಿನಲ್ಲಿ ದಿನವೂ ದಾಖಲಿಸಿದವರಿಗೆ ನಿರೀಕ್ಷಿಸಿದ ಲಾಭ ಕಾಣಲಿಲ್ಲ, ಖಿನ್ನತೆಯ ಲಕ್ಷಣಗಳು ಅವರಲ್ಲಿ ಹೆಚ್ಚು ಕಾಲ ಉಳಿಯುವ ಒಲವು ಕೂಡ ಕಂಡಿತ್ತು. ವೈದ್ಯರ ಸಲಹೆಯಂತೆ ಅಂಥ ವಾರಗಳಲ್ಲಿ ನಾನೀಗ ನಿದ್ದೆ ಮತ್ತು ಮಾತ್ರೆಯನ್ನಷ್ಟೇ ದಾಖಲಿಸುತ್ತೇನೆ.

ಕನ್ನಡ ಭಾಷೆಯ ಆಯ್ಕೆ ಇಲ್ಲ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಮನೆಯವರು ತಮ್ಮ ಕಣ್ಣಿಗೆ ಕಂಡದ್ದನ್ನು ಬರೆಯಲು ಒಂದು ಖಾನೆಯೂ ಇಲ್ಲದಿರುವುದು. ಹೀಗಾಗಿ ಹೆಂಡತಿ ನನಗೆ ತಾನು ಕೊಡುವ ಅಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡುತ್ತಾಳೆ. ಆಸ್ಪತ್ರೆಗೆ ಹೋಗುವ ದಿನ ಆ್ಯಪ್‌ನ ವರದಿಯೊಂದಿಗೆ ಕ್ಯಾಲೆಂಡರಿನ ಆ ಹಾಳೆಯನ್ನೂ ಹರಿದು ಒಯ್ಯುತ್ತೇವೆ.