ಬಾಡಿಗೆ ಸ್ಕೂಟರ್, ಆಟೊ, ಸ್ವಂತ ಸ್ಕೂಟರ್: ಬೆಳಗಾವಿಗೆ ಯಾವುದು ಸರಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ವಂತ ಎಲೆಕ್ಟ್ರಿಕ್ ಸ್ಕೂಟರ್‌ಗೆ. ಕೆಲಸದ ಮೇಲೆ ಕೆಲವು ತಿಂಗಳು ಬೆಂಗಳೂರಿನಲ್ಲಿದ್ದಾಗ ಆ್ಯಪ್‌ನಲ್ಲಿ ಸಿಗುವ ಬಾಡಿಗೆ ಎಲೆಕ್ಟ್ರಿಕ್ ಸ್ಕೂಟರ್ ಓಡಿಸಿದೆ. ಬೆಳಗಾವಿಗೆ ವಾಪಸ್ ಬಂದ ಮೇಲೆ ಆಟೊ, ಸಿಟಿ ಬಸ್ ನಂಬಿಕೊಂಡೆ. ಕೊನೆಗೆ ಬ್ಯಾಟರಿ ಬಿಚ್ಚಿ ಒಳಗೆ ಒಯ್ಯುವಂಥ ಸ್ಕೂಟರ್ ತಗೊಂಡೆ. ಈಗ ವಡಗಾವಿಯಿಂದ ಉದ್ಯಮಬಾಗಕ್ಕೆ ದಿನಾ ಅದರಲ್ಲೇ.

ಬಾಡಿಗೆ ಸ್ಕೂಟರ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಮೆಟ್ರೊ ಇಳಿದು ಆಫೀಸಿಗೆ ಹೋಗುವ ಚಿಕ್ಕ ದಾರಿಗೆ ಅದಕ್ಕಿಂತ ಹಗುರಾದದ್ದು ಇಲ್ಲ. 250 ವ್ಯಾಟ್ ಒಳಗಿನ ಮೋಟರ್, ಗಂಟೆಗೆ 25 ಕಿಲೋಮೀಟರ್ ಮೀರದ ವೇಗ, ಹಾಗಾಗಿ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಕೋಡ್ ಸ್ಕ್ಯಾನ್ ಮಾಡು, ಹೊರಡು.

ತಕರಾರು ಇರುವುದು ಇಳಿಯುವಾಗ. ಗಾಡಿಯನ್ನು ಎಲ್ಲೆಂದರಲ್ಲಿ ಬಿಡುವ ಹಾಗಿಲ್ಲ, ಆ್ಯಪ್ ತೋರಿಸುವ ಜಾಗದಲ್ಲೇ ನಿಲ್ಲಿಸಬೇಕು. ಆ ಜಾಗದಲ್ಲಿ ಆಗಲೇ ಯಾರದೋ ಬೈಕು ನಿಂತಿರುತ್ತದೆ. ಸ್ವಲ್ಪ ಪಕ್ಕಕ್ಕೆ ನಿಲ್ಲಿಸಿದರೆ, ‘ನೀವು ಪಾರ್ಕಿಂಗ್ ಜಾಗದ ಹೊರಗಿದ್ದೀರಿ’ ಅಂತ ಫೋನು ಹೇಳುತ್ತದೆ. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಸಿಗ್ನಲ್ ಗೋಡೆಗೆ ಬಡಿದು ಬರುತ್ತದೆ. ಗೆರೆಯೊಳಗೇ ನಿಂತಿದ್ದರೂ ಮ್ಯಾಪಿನಲ್ಲಿ ನಿಮ್ಮ ಚುಕ್ಕೆ ರಸ್ತೆಯ ಆಚೆ ಇರುತ್ತದೆ.

ಒಂದು ಸಂಜೆ ಜಯನಗರದಲ್ಲಿ ಜೋರು ಮಳೆ. ಗಾಡಿಯನ್ನು ಎರಡು ಹೆಜ್ಜೆ ಮುಂದೆ ತಳ್ಳಿದೆ, ಹಿಂದೆ ತಂದೆ. ಟ್ರಿಪ್ ಮುಗಿಸುವ ಬಟನ್ ಒತ್ತಬೇಕೆಂದರೆ ಒದ್ದೆ ಪರದೆ ಬೆರಳನ್ನೇ ಗುರುತಿಸುತ್ತಿಲ್ಲ. ಅಂಗಿಯ ಒಳಭಾಗದಲ್ಲಿ ಒರೆಸಿ ಒತ್ತಿದರೆ ಮತ್ತೆ ಅದೇ ಸಾಲು, ಹೊರಗಿದ್ದೀರಿ. ಮೇಲೆ ನಿಮಿಷಗಳು ಓಡುತ್ತಲೇ ಇವೆ, ಹಣವೂ. ಆಫೀಸಿನಲ್ಲಿ ನನಗಾಗಿ ಕಾಯುತ್ತಿದ್ದರು. ಸಹಾಯವಾಣಿಗೆ ಮೆಸೇಜ್ ಹಾಕಿದರೆ ಫೋಟೊ ಕಳಿಸಿ ಅಂದರು. ಮಳೆಯಲ್ಲಿ ಯಾವ ಫೋಟೊ? ದುಡ್ಡು ದೊಡ್ಡದಲ್ಲ, ಆದರೆ ನಾನು ತಲುಪಿ ಆಗಿದೆ ಅನ್ನುವುದನ್ನು ಒಂದು ಯಂತ್ರಕ್ಕೆ ಒಪ್ಪಿಸಬೇಕಾದ ಆ ಹಿಂಸೆ ನನಗೆ ಸಹಿಸಲಾಗಲಿಲ್ಲ. ಅದಾದ ಮೇಲೆ ಗಾಡಿ ಹತ್ತುವಾಗಲೇ ಇಳಿಯುವ ಚಿಂತೆ ಶುರುವಾಗುತ್ತಿತ್ತು.

ಇದನ್ನೇ ಬೆಳಗಾವಿಗೆ ತಂದು ನೋಡಿ. ಟಿಳಕವಾಡಿಯಲ್ಲಿ ರೈಲ್ವೆ ಗೇಟ್ ಬಿತ್ತು ಅಂದರೆ ರೈಲು ದಾಟುವವರೆಗೆ ಕಾಯಬೇಕು, ನಿಮಿಷದ ಲೆಕ್ಕದ ಬಾಡಿಗೆ ಸುಮ್ನೆ ಏರುತ್ತದೆ. ಜೂನ್‌ನಿಂದ ಇಲ್ಲಿ ಹಿಡಿಯುವ ಮಳೆ ಗೊತ್ತೇ ಇದೆಯಲ್ಲ. ರಸ್ತೆ ಬದಿ ನೆನೆಯುತ್ತ ನಿಂತ ಗಾಡಿಯ ಬ್ರೇಕು, ಟೈರು ಯಾರು ನೋಡುತ್ತಾರೆ?

ಆಟೊ: ದಿನಾ ಎರಡು ಸಲ ಬಾಡಿಗೆ ಮಾತಾಡಿಕೊಂಡು ಹತ್ತಲು ನನ್ನ ಸಂಬಳ ಸಾಲದು. ಅವ್ವನನ್ನು ಆಸ್ಪತ್ರೆಗೆ ಕರೆದೊಯ್ಯಲು ಮಾತ್ರ ಇವತ್ತಿಗೂ ಆಟೊನೇ.

ಸಿಟಿ ಬಸ್: 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನನ್ನ ಹೆಂಡತಿಗೆ ಟಿಕೆಟ್ ಖರ್ಚೇ ಇಲ್ಲ, ಅವಳಿಗೆ ಬಸ್ಸೇ ಸರಿ. ನನ್ನದು ಶಿಫ್ಟ್ ಕೆಲಸ, ರಾತ್ರಿ ಬಿಡುವ ಹೊತ್ತಿಗೆ ಬಸ್ ಹೊಂದುವುದಿಲ್ಲ.

ಸ್ವಂತ ಸ್ಕೂಟರ್ ತಂದ ದಿನ ಪಕ್ಕದ ಮನೆ ಕಾಕಾ ಕೇಳಿದ್ದು ಒಂದೇ. ‘ಚಾರ್ಜ್ ಮುಗದ್ರ ಏನ್ ಮಾಡ್ತೀಯೋ?’ ಮುಗಿಯುವುದೇ ಇಲ್ಲ ಅಂತಲ್ಲ, ಆದರೆ ನಮ್ಮೂರಿನ ಅಳತೆಗೆ ಮುಗಿಯುವಷ್ಟು ದೂರವೇ ಇಲ್ಲ. 2 ಕಿಲೋವ್ಯಾಟ್ ಅವರ್ ಬ್ಯಾಟರಿ ಪೂರ್ತಿ ತುಂಬಲು 2 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಕರೆಂಟು ಸಾಕು. ಪೆಟ್ರೋಲ್ ಲೀಟರಿಗೆ ನೂರು ದಾಟಿರುವಾಗ ಬೇರೆ ಲೆಕ್ಕ ಬೇಕಾ?

ಆದರೆ ಗೃಹಜ್ಯೋತಿಯ ಕಡೆ ಒಂದು ಕಣ್ಣಿರಲಿ. ಉಚಿತ ಸಿಗುವುದು ನಿಮ್ಮ ಹಳೆಯ ಸರಾಸರಿಗಿಂತ ಸ್ವಲ್ಪ ಮೇಲಿನವರೆಗೆ ಮಾತ್ರ. ಅದನ್ನು ಮೀರಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಮನೆಯಲ್ಲಿ ಗೀಸರ್, ಫ್ರಿಜ್ ಎಲ್ಲ ಇದ್ದು ಆ ಗಡಿಯ ಹತ್ತಿರವೇ ಇರುವವರು ಸ್ಕೂಟರ್ ತಗೊಳ್ಳುವ ಮೊದಲು ಹೆಸ್ಕಾಂ ಬಿಲ್ಲು ತೆಗೆದು ನೋಡಿ.

ಹಂಚಿಕೆಯ ಸ್ಕೂಟರೇ ನಾಳಿನ ಸಾರಿಗೆ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಪ್ಯಾರಿಸ್‌ನಲ್ಲಿ 2023ರ ಏಪ್ರಿಲ್‌ನಲ್ಲಿ ಜನರ ಮತ ಕೇಳಿದಾಗ, ಮತ ಹಾಕಿದವರಲ್ಲಿ ಹತ್ತಿರ ಹತ್ತಿರ 90 ಶೇಕಡಾ ಮಂದಿ ನಿಂತು ಓಡಿಸುವ ಬಾಡಿಗೆ ಸ್ಕೂಟರ್ ಬೇಡ ಅಂದರು. ಸೆಪ್ಟೆಂಬರ್ ಹೊತ್ತಿಗೆ ಅವು ರಸ್ತೆಯಿಂದ ಹೋದವು. ಸ್ವಂತದ್ದಕ್ಕೆ ನಿಷೇಧ ಬೀಳಲಿಲ್ಲ. ಬಾಡಿಗೆ ಸ್ಕೂಟರ್‌ನಿಂದಲೇ ಹೆಸರಾದ ಬೆಂಗಳೂರಿನ ಬೌನ್ಸ್ ಕಂಪನಿಯೂ 2021ರ ಡಿಸೆಂಬರ್‌ನಲ್ಲಿ ತನ್ನದೇ ಎಲೆಕ್ಟ್ರಿಕ್ ಸ್ಕೂಟರ್ ಮಾರಾಟಕ್ಕೆ ತಂದಿತು. ಬ್ಯಾಟರಿ ಇಲ್ಲದೆ ಗಾಡಿ ಕೊಂಡು, ತುಂಬಿದ ಬ್ಯಾಟರಿಯನ್ನು ಕೇಂದ್ರದಲ್ಲಿ ಬದಲಾಯಿಸಿಕೊಳ್ಳುವ ದಾರಿಯನ್ನೂ ಅದರಲ್ಲಿ ಇಟ್ಟಿತ್ತು. ನಮ್ಮಂಥ ಊರಿಗೆ ಬೇಕಾದ ಹಂಚಿಕೆ ಇದು. ಗಾಡಿ ನನ್ನ ಮನೆ ಮುಂದೆ ಇರಲಿ, ಬ್ಯಾಟರಿ ಎಲ್ಲರದ್ದೂ ಆಗಲಿ. ಚೆನ್ನಮ್ಮ ಸರ್ಕಲ್ ಹತ್ತಿರ ಒಂದು, ಉದ್ಯಮಬಾಗದಲ್ಲಿ ಒಂದು ಅಂಥ ಕೇಂದ್ರ ಇದ್ದರೆ ಕಾಕಾ ಕೂಡ ಪೆಟ್ರೋಲ್ ಗಾಡಿ ಬಿಡುತ್ತಾರೆ.

ದಿನಾ ಒಂದೇ ದಾರಿ, ಒಂದೇ ಸಮಯ, ಕಂತು ಕಟ್ಟುವ ಶಕ್ತಿ ಇದ್ದರೆ ಸ್ವಂತದ್ದೇ ತಗೊಳ್ಳಿ. ಮೇಲಿನ ಮಹಡಿಯಲ್ಲಿದ್ದರೆ ಬಿಚ್ಚುವ ಬ್ಯಾಟರಿಯದ್ದನ್ನೇ ಕೇಳಿ, ಆದರೆ ಅಂಗಡಿಯಲ್ಲೇ ಒಮ್ಮೆ ಕೈಯಲ್ಲಿ ಎತ್ತಿ ನೋಡಿ. ನನ್ನದನ್ನು ಹೊತ್ತು ಮೆಟ್ಟಿಲು ಹತ್ತುವಾಗ ಭುಜಕ್ಕೆ ಭಾರ ತಿಳಿಯುತ್ತದೆ.