ಮನಸ್ಸಿನ ಚಿಕಿತ್ಸೆಗೆ ಹೊರಟವರು ಇದನ್ನೊಮ್ಮೆ ಓದಿ

2020ರ ಮಾರ್ಚ್ ಕೊನೆಯಲ್ಲಿ, ಕೊರೊನಾ ಕಾಲಕ್ಕೆ, ಕೇರಳ ಮತ್ತು ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದ್ದನ್ನು ಕಾಸರಗೋಡಿನವರಿಗೆ ಯಾರೂ ನೆನಪಿಸಬೇಕಾಗಿಲ್ಲ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಈಚೆಯೇ ಉಳಿದರು, ಕೆಲವರು ತೀರಿಕೊಂಡರು. ನನ್ನ ಅಮ್ಮನೂ ಹಾಗೆಯೇ ಹೋದವರು. ಆಂಬುಲೆನ್ಸ್ ತಿರುಗಿ ಬರುವಾಗ ಅವರ ತಲೆ ನನ್ನ ಮಡಿಲಲ್ಲಿತ್ತು. ಅಂದಿನಿಂದ ಸೈರನ್ ಕೇಳಿದರೆ ನನಗೆ ಉಸಿರು ಕಟ್ಟುತ್ತದೆ.

ಮೂರು ವರ್ಷ ಸಹಿಸಿದೆ. ಕೊನೆಗೆ ಪೇಟೆಯಲ್ಲಿ ‘ಟ್ರಾಮಾ ತಜ್ಞರು’, ಅಂದರೆ ಮನಸ್ಸಿಗಾದ ಆಘಾತಕ್ಕೆ ಚಿಕಿತ್ಸೆ ಕೊಡುವವರು, ಎಂಬ ಫಲಕ ಕಂಡು ಒಳಗೆ ಹೋದೆ. ಹತ್ತು ಭೇಟಿಯ ಹಣವನ್ನು ಮುಂಗಡವಾಗಿ ಕೇಳಿದರು, ಕೊಟ್ಟೆ. ಅವರಿಗೆ ಕನ್ನಡ ಬಾರದು. ನನ್ನ ಮಲಯಾಳ ರೇಷನ್ ಅಂಗಡಿಗೆ, ಪಂಚಾಯತ್ ಕಚೇರಿಗೆ ಸಾಕು. ಅಮ್ಮನ ಕೊನೆಯ ಗಳಿಗೆಯನ್ನು ಹೇಳಲು ಸಾಲದು. ಹೊರಗೆ ಚೀಟಿ ಕೊಡುತ್ತಿದ್ದ ಹುಡುಗಿಯನ್ನು ಕರೆದು ಭಾಷಾಂತರಕ್ಕೆ ನಿಲ್ಲಿಸಿದರು. ನನ್ನ ಒಪ್ಪಿಗೆ ಕೇಳಲಿಲ್ಲ. “ಉಸಿರು ಕಟ್ಟುತ್ತದೆ” ಎಂದೆ. ಆಕೆ “ಶ್ವಾಸಂಮುಟ್ಟ್” ಎಂದಳು, ಮಲಯಾಳದಲ್ಲಿ ಆಸ್ತಮಾಕ್ಕೂ ಅದೇ ಮಾತು. ಅವರು ಆಸ್ತಮಾ ಎಂದು ಬರೆದುಕೊಂಡರು.

ಆಮೇಲೆ ಕಣ್ಣು ಮುಚ್ಚಿಸಿ, ಆ ದಿನವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಸಿದರು. ಬೇಡವೆಂದರೂ ಬಿಡಲಿಲ್ಲ. ಅಮ್ಮ ನೀರು ಕೇಳಿದ್ದರು, ಬಾಟಲಿ ಖಾಲಿಯಾಗಿತ್ತು. ತಮ್ಮನಿಗೂ ಹೇಳದ ಆ ಮಾತನ್ನು ಅಲ್ಲಿ ಹೇಳಿಬಿಟ್ಟೆ. ಬೊಜ್ಜಕ್ಕೂ (ಉತ್ತರಕ್ರಿಯೆಗೂ) ಬಂಧುಗಳು ಸೇರಲಾಗಲಿಲ್ಲ ಎಂದು ಅತ್ತಾಗ “ಅದೆಲ್ಲ ಬರೀ ಆಚರಣೆ” ಎಂದು ತಳ್ಳಿಹಾಕಿದರು. ಮೂರು ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ವಾರ ಮದುವೆಮನೆಯಲ್ಲಿ ದೂರದ ಅತ್ತೆಯೊಬ್ಬರು ಕೈ ಹಿಡಿದುಕೊಂಡು, “ನೀರು ಕೇಳಿದ್ದರಂತಲ್ಲ ಮಗಳೇ, ಪಾಪ” ಎಂದರು. ನಿಂತ ನೆಲ ಕುಸಿದಂತಾಯಿತು.

ಗುಟ್ಟು ಕಾಯಬೇಕಾದದ್ದು ಅವರ ದೊಡ್ಡತನವಲ್ಲ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಮಗೆ ಕೊಟ್ಟ ಹಕ್ಕು. ಫಲಕದ ಮೇಲಿನ ‘ಟ್ರಾಮಾ ತಜ್ಞ’ ಒಂದು ಪದವಿಯಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಂಡರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಕಹಿ ನೆನಪನ್ನು ಮತ್ತೆ ಮುಟ್ಟುವ ಚಿಕಿತ್ಸೆ ಇರುವುದು ನಿಜ, ಆದರೆ ಅದಕ್ಕೆ ಮೊದಲು ತಯಾರಿ ಬೇಕು, ನಿಮ್ಮ ಒಪ್ಪಿಗೆ ಬೇಕು. ಮೊದಲ ದಿನವೇ ಬಲವಂತ ಮಾಡಿದರೆ ಎದ್ದು ಬನ್ನಿ. ಕೊಟ್ಟ ಹಣದ ಮುಖ ನೋಡಿ ಕೂರಬೇಡಿ, ನಾನು ಇನ್ನೂ ಎರಡು ಸಲ ಹೋದದ್ದು ಅದೇ ಕಾರಣಕ್ಕೆ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಇಡೀ ದಿನ ತೆರೆದಿರುತ್ತದೆ, ಹಣ ಕೊಡಬೇಕಾಗಿಲ್ಲ.

ಈಗ ನಾನು ಚಿಕಿತ್ಸೆಗೆ ಮಂಗಳೂರಿಗೆ ಹೋಗುತ್ತೇನೆ, ತಲಪಾಡಿ ದಾಟುವ ಅದೇ ದಾರಿಯಲ್ಲಿ. ಅಲ್ಲಿನ ಚಿಕಿತ್ಸಕರು ಮೊದಲ ದಿನ ಕೇಳಿದ್ದು ಬಾಗಿಲು ತೆರೆದಿರಲೇ, ಮುಚ್ಚಲೇ ಎಂದು. ಸೈರನ್ ಕೇಳಿದಾಗ ಪಾದವನ್ನು ನೆಲಕ್ಕೊತ್ತಿ, ಕಣ್ಣಿಗೆ ಬಿದ್ದ ಐದು ವಸ್ತುಗಳ ಹೆಸರು ಹೇಳಿಕೊಳ್ಳುವುದನ್ನು ಕಲಿಸಿದರು. ಬೊಜ್ಜದ ಬಗ್ಗೆ ಅವರಾಗಿಯೇ ವಿಚಾರಿಸಿದರು. ನೀರಿನ ಮಾತನ್ನು ನಾನು ಎತ್ತಿದ್ದು ಆರನೆಯ ಭೇಟಿಯಲ್ಲಿ. ಅವರು ಪೆನ್ನು ಕೆಳಗಿಟ್ಟು ಕೇಳಿದರು.