ಪ್ಲೇಟ್‌ಲೆಟ್ ಕೊಡ್ಲಿಕ್ಕೆ ಬದಿಯಡ್ಕದಿಂದ ಮಂಗಳೂರಿಗೆ ಹೋಗಿದ್ದೆ

ನಮ್ಮ ನೆರೆಮನೆ ಅಕ್ಕನ ಮಗಳಿಗೆ ಕೀಮೋ ಆದ್ಮೇಲೆ ಪ್ಲೇಟ್‌ಲೆಟ್, ಅಂದ್ರೆ ರಕ್ತ ಹೆಪ್ಪುಗಟ್ಟಿಸುವ ಕಣ, 9 ಸಾವಿರಕ್ಕೆ ಇಳಿದಿತ್ತು, ಒಸಡಿನಲ್ಲಿ ರಕ್ತ ಬರ್ತಿತ್ತು. ಹಾಗೆ ನಾನೂ ಬಾವನೂ ಬೆಳಿಗ್ಗೆಯೇ ಬಸ್ ಹತ್ತಿ ಹೊರಟದ್ದು. ಕ್ಯಾಂಪಲ್ಲಿ ನಾಲ್ಕೈದು ಸಲ ರಕ್ತ ಕೊಟ್ಟಿದ್ದೆ, ಇದೂ ಹಾಗೇ ಹತ್ತು ನಿಮಿಷದ ಕೆಲಸ ಅಂದ್ಕೊಂಡಿದ್ದೆ, ಆದ್ರೆ ಇದು ಬೇರೆಯೇ ಉಂಟು.

ಬೇಜಾರಾದದ್ದು ಮೊದಲು ಹೇಳ್ತೇನೆ. ಬ್ಲಡ್ ಬ್ಯಾಂಕಿನವ್ರು ಫೋನಲ್ಲಿ ಒಂದು ಗಂಟೆ ಸಾಕು ಅಂದಿದ್ರು. ಅಲ್ಲಿ ಹೋದ್ರೆ ಮೊದಲು ಸ್ಯಾಂಪಲ್ ತೆಗೆದು ಕೌಂಟ್, ಹಿಮೋಗ್ಲೋಬಿನ್, ಎಚ್‌ಐವಿ, ಹೆಪಟೈಟಿಸ್ ಎಲ್ಲ ನೋಡಿ ರಿಪೋರ್ಟ್ ಬರುವಾಗ ಎರಡೂವರೆ ಗಂಟೆ ಆಯ್ತು. ಬಾವ ಹಿಂದಿನ ದಿನ ತಲೆನೋವಿಗೆ ಆಸ್ಪಿರಿನ್ ತಿಂದಿದ್ದ, ಅದನ್ನು ತಿಂದು ಮೂರು ದಿನ ಆಗದೆ ತಗೊಳ್ಳುದಿಲ್ಲ ಅಂತ ವಾಪಸ್ ಕಳಿಸಿದ್ರು. ಒಂದು ದಿನದ ಕೆಲಸ ಬಿಟ್ಟು ಬಂದವನಿಗೆ ಇಷ್ಟನ್ನು ಫೋನಲ್ಲೇ ಕೇಳ್ಬೇಕಿತ್ತಲ್ವಾ. ಕೌಂಟ್ ಒಂದೂವರೆ ಲಕ್ಷದ ಮೇಲೆ ಇರ್ಬೇಕು, ತೂಕ 50 ಕೆಜಿಗಿಂತ ಜಾಸ್ತಿ ಬೇಕು ಅನ್ನೋದೂ ಅಲ್ಲಿಗೆ ಹೋದ್ಮೇಲೆ ಗೊತ್ತಾದದ್ದು.

ಒಳಗೆ ಮಾತ್ರ ತುಂಬಾ ಚೆನ್ನಾಗಿ ನೋಡ್ಕೊಂಡ್ರು. ಸಿಸ್ಟರ್ ಎರಡೂ ಕೈಯ ನರ ಒತ್ತಿ ಒತ್ತಿ ನೋಡಿ ಬಲಗೈಗೆ ಸೂಜಿ ಹಾಕಿದ್ರು. ಮೆಷಿನ್ ರಕ್ತ ಎಳ್ಕೊಂಡು ತಿರುಗಿಸಿ ಪ್ಲೇಟ್‌ಲೆಟ್ ಮಾತ್ರ ಇಟ್ಕೊಂಡು ಕೆಂಪು ಕಣ ಎಲ್ಲ ಅದೇ ಸೂಜಿಯಲ್ಲಿ ವಾಪಸ್ ಬಿಡ್ತದೆ, ವಾಪಸ್ ಬರುವಾಗ ತೋಳೊಳಗೆ ತಣ್ಣಗೆ ಆಗ್ತದೆ. ಅರ್ಧ ಗಂಟೆ ಆಗುವಾಗ ತುಟಿ ಜುಮ್ಮ ಅಂತು. ಹೇಳಿದ ಕೂಡ್ಲೆ ಸಿಸ್ಟರ್ ಕ್ಯಾಲ್ಸಿಯಂ ಮಾತ್ರೆ ಜಗಿಲಿಕ್ಕೆ ಕೊಟ್ಟು ಮೆಷಿನ್ ಸ್ಪೀಡ್ ಇಳಿಸಿದ್ರು, ರಕ್ತ ಹೆಪ್ಪುಗಟ್ಟದ ಹಾಗೆ ಹಾಕುವ ಸಿಟ್ರೇಟಿನಿಂದ ಹಾಗಾಗುದಂತೆ, ಐದು ನಿಮಿಷದಲ್ಲಿ ಸರಿ ಆಯ್ತು. ಮೇಲೆ ನೇತಾಡ್ತಿದ್ದ ಚೀಲದಲ್ಲಿ ಅರಸಿನ ಕಲಸಿದ ಗಂಜಿತಿಳಿಯ ಹಾಗೆ ಮಂದ ಹಳದಿ ನಿಧಾನ ತುಂಬ್ತಾ ಇತ್ತು. ಅದನ್ನೇ ನೋಡ್ತಾ ಮಲಗಿದ್ದೆ, ಒಟ್ಟು 70 ನಿಮಿಷ.

ರಕ್ತದ ನೀರಿನ ಭಾಗ ಪ್ಲಾಸ್ಮಾ ಆದ್ರೆ ಫ್ರೀಜ್ ಮಾಡಿ ಒಂದು ವರ್ಷದವರೆಗೂ ಇಡ್ಲಿಕ್ಕಾಗ್ತದೆ. ಪ್ಲೇಟ್‌ಲೆಟ್ ಐದೇ ದಿನ, ಅದೂ ಅಲ್ಲಾಡಿಸ್ತಾ ಇರ್ಬೇಕು, ಹಾಗಾಗಿ ಅವ್ರಿಗೆ ಹೊಸ ದಾನಿಗಳು ಯಾವಾಗ್ಲೂ ಬೇಕು. ರಕ್ತ ಕೊಟ್ರೆ ಗಂಡಸರು ಮೂರು ತಿಂಗಳು ಕಾಯ್ಬೇಕು, ಇದನ್ನು 48 ಗಂಟೆ ಬಿಟ್ಟು ಪುನಃ ಕೊಡ್ಬಹುದು, ವರ್ಷಕ್ಕೆ 24 ಸಲದವರೆಗೆ.

ಹೋಗುವವ್ರು ಚೆನ್ನಾಗಿ ತಿಂಡಿ ತಿಂದು ಹೋಗಿ, ಅರ್ಧ ದಿನ ಬಿಟ್ಕೊಳ್ಳಿ. ಬಾವ ನಾಲ್ಕನೇ ದಿನ ಒಬ್ಬನೇ ಹೋಗಿ ಕೊಟ್ಟು ಬಂದ.